ಚಿತ್ರದ ಹಿಂದೆ: ಒತ್ತೆ ಹೋದ ಮಕ್ಕಳು



ಈ ಸಲದ ಟಪಾಲಿನಲ್ಲಿ ಚಿಕ್ಕಜಾಲದಿಂದ ಒಂದು ಕಾಗದ ಬಂದಿದೆ. ಬರೆದವರು ನಿಮ್ಮ ಹಾಗೆಯೇ ಮನೆ, ಮಕ್ಕಳು, ಅಡಿಗೆ ಎಂದು ದಿನ ದೂಡುವ ಗೃಹಿಣಿ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಕಾಗದದಲ್ಲಿ ಎರಡು ವಿಷಯಗಳಿವೆ. ಒಂದನ್ನು ನಗುನಗುತ್ತಾ ಬರೆದಿದ್ದಾರೆ. ಇನ್ನೊಂದನ್ನು ಕೊನೆಯಲ್ಲಿ, ಜಾಗ ಸಾಲದು ಅನ್ನುವ ಹಾಗೆ, ಸಣ್ಣ ಅಕ್ಷರದಲ್ಲಿ ಬರೆದಿದ್ದಾರೆ. ನಾವು ಹೆಂಗಸರು ಮುಖ್ಯ ವಿಷಯವನ್ನು ಯಾವಾಗಲೂ ಹಾಗೆಯೇ ಬರೆಯುವುದು, ಅಲ್ಲವೆ?

ಮೊದಲನೆಯದು ಮಗನ ವಿಷಯ. ಶಾಲೆಯಲ್ಲಿ ಚರಿತ್ರೆಯ ಪ್ರಾಜೆಕ್ಟು ಕೊಟ್ಟಿದ್ದಾರಂತೆ. ಹುಡುಗ ಒಂದು ಚಿತ್ರ ತಂದು ಹಾಳೆಗೆ ಅಂಟಿಸುತ್ತಾ ಕೂತಿದ್ದ. ಕೆಂಪು ಕೋಟಿನ ದೊರೆಯೊಬ್ಬ ನಿಂತಿದ್ದಾನೆ, ಪೇಟ ಕಟ್ಟಿದ ಇಬ್ಬರು ಚಿಕ್ಕ ಹುಡುಗರ ಕಡೆಗೆ ಕೈ ಚಾಚಿದ್ದಾನೆ, ಹಿಂದೆ ಆನೆಗಳು, ಜನ. ಹುಡುಗ ತಲೆ ಎತ್ತಿ ಕೇಳಿದನಂತೆ: "ಅಮ್ಮಾ, ಈ ಹುಡುಗ್ರು ಏನು ತಪ್ಪು ಮಾಡಿದ್ರು?" ತಾಯಿಗೆ ಉತ್ತರ ಹೊಳೆಯಲಿಲ್ಲ. "ನೀವು ಚಿತ್ರಗಳ ಬಗ್ಗೆ ಬರೀತೀರಲ್ಲಾ ಅಕ್ಕಾ, ನೀವೇ ಹೇಳಿ" ಎಂದು ನನ್ನ ತಲೆಗೆ ಕಟ್ಟಿದ್ದಾರೆ.

ಎರಡನೆಯದು ಮೈದುನನ ವಿಷಯ. ಏರ್‌ಪೋರ್ಟಿಗೆ ಓಡಿಸಲು ಟ್ಯಾಕ್ಸಿ ತೆಗೆಯಬೇಕು ಅಂತಿದ್ದಾನೆ. ಸಾಲಕ್ಕೆ ಜಾಮೀನು ಬೇಕು. ತವರಿನವರು ಈಕೆಯ ಹೆಸರಿಗೆ ಮಾಡಿಕೊಟ್ಟ ಒಂದು ಸಣ್ಣ ಸೈಟು ಇದೆ. "ಅತ್ತಿಗೆ, ಒಂದು ಸಹಿ ಅಷ್ಟೇ" ಅಂತ ಮೈದುನ ಅಂತಾನೆ. ಅತ್ತೆ ಏನೂ ಅನ್ನುವುದಿಲ್ಲ, ಆದರೆ ಮೂರು ದಿನದಿಂದ ಮಾತು ಕಡಿಮೆ ಮಾಡಿದ್ದಾರೆ. ಗಂಡ "ನಿನ್ನಿಷ್ಟ" ಎಂದು ಪೇಪರಿನ ಹಿಂದೆ ಮುಖ ಮುಚ್ಚಿಕೊಂಡಿದ್ದಾರೆ.

ಈ ಎರಡು ವಿಷಯಗಳಿಗೂ ಏನು ಸಂಬಂಧ ಎಂದಿರಾ? ಕಾಗದ ಓದಿ ನಾನೂ ಹಾಗೇ ಅಂದುಕೊಂಡೆ. ಆಮೇಲೆ ಆ ಚಿತ್ರವನ್ನು ಮತ್ತೊಮ್ಮೆ ನೆನೆದುಕೊಂಡಾಗ ಎರಡೂ ಒಂದೇ ಕಾಗದದಲ್ಲಿ ಬಂದದ್ದು ಸರಿಯಾಗಿಯೇ ಇದೆ ಎನಿಸಿತು. ಆ ಚಿತ್ರ ಸಾಲದ ಚಿತ್ರ. ಆ ಇಬ್ಬರು ಹುಡುಗರು ಜಾಮೀನು.

ಮೊದಲು ಚಿತ್ರದ ಕಥೆ ಕೇಳಿ.

ಚಿಕ್ಕಜಾಲದವರಿಗೆ ಬಳ್ಳಾರಿ ರಸ್ತೆಯನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ. ಹೆಬ್ಬಾಳ, ಯಲಹಂಕ ದಾಟಿ ಬಂದರೆ ಚಿಕ್ಕಜಾಲ. ರಸ್ತೆ ಬದಿಯಲ್ಲೇ ಕಲ್ಲಿನ ಪಾಳು ಕೋಟೆ, ಕಲ್ಯಾಣಿ. ಇನ್ನೂ ಮುಂದೆ ಹೋದರೆ ದೇವನಹಳ್ಳಿ. 2008ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ಈ ದಾರಿಯಲ್ಲಿ ಹಗಲು ರಾತ್ರಿ ಎಂಬ ಭೇದವಿಲ್ಲದೆ ಗಾಡಿಗಳು ಓಡುತ್ತವೆ. ಆದರೆ ಈ ಸೀಮೆಗೆ ದೊಡ್ಡ ಸದ್ದು ಹೊಸದಲ್ಲ. 1791ರ ಮಾರ್ಚಿಯಲ್ಲಿ ಲಾರ್ಡ್ ಕಾರ್ನ್‌ವಾಲಿಸ್ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ತಂದು ಬೆಂಗಳೂರನ್ನು ಮುತ್ತಿದ. ಆ ತಿಂಗಳ 7ರಂದು ಪೇಟೆ ಬಿತ್ತು, 21ರ ರಾತ್ರಿ ಕೋಟೆ ಬಿತ್ತು. ತಿಂಗಳು ಮುಗಿಯುವ ಮೊದಲೇ ಸೈನ್ಯ ಉತ್ತರಕ್ಕೆ ಹೊರಟಿತು. ದೇವನಹಳ್ಳಿ ಕೋಟೆ ಕಂಪನಿಯ ಕೈ ಸೇರಿತು. ದೇವನಹಳ್ಳಿ ಎಂದರೆ ಟಿಪ್ಪು ಸುಲ್ತಾನ್ ಹುಟ್ಟಿದ ಊರು.

ಮರುವರ್ಷ 1792ರ ಫೆಬ್ರವರಿಯಲ್ಲಿ ಕಂಪನಿ, ಹೈದರಾಬಾದಿನ ನಿಜಾಮ, ಮರಾಠರು, ಮೂವರೂ ಸೇರಿ ಶ್ರೀರಂಗಪಟ್ಟಣವನ್ನು ಸುತ್ತುಗಟ್ಟಿದರು. ಟಿಪ್ಪು ಸಂಧಿಗೆ ಒಪ್ಪಬೇಕಾಯಿತು. ಷರತ್ತುಗಳು ಹೀಗಿದ್ದವು. ರಾಜ್ಯದಲ್ಲಿ ಅರ್ಧ ಬಿಟ್ಟುಕೊಡಬೇಕು. ಯುದ್ಧದ ಖರ್ಚೆಂದು 3 ಕೋಟಿ 30 ಲಕ್ಷ ರೂಪಾಯಿ ಕೊಡಬೇಕು. ಅದರಲ್ಲಿ ಅರ್ಧ, ಅಂದರೆ 1 ಕೋಟಿ 65 ಲಕ್ಷ, ಕೂಡಲೇ ಕೊಡಬೇಕು. ಉಳಿದ ಅರ್ಧವನ್ನು ಮೂರು ಕಂತಿನಲ್ಲಿ, ಒಂದೊಂದು ಕಂತಿಗೆ ನಾಲ್ಕು ತಿಂಗಳು ಮೀರದ ಹಾಗೆ, ತೀರಿಸಬೇಕು. ನಾಣ್ಯ ತೂಕದಲ್ಲಿ ಕಡಿಮೆ ಇರಕೂಡದು. ವರಹವಾಗಲಿ, ಮೊಹರಾಗಲಿ, ರೂಪಾಯಿಯಾಗಲಿ, ಚಿನ್ನ ಬೆಳ್ಳಿಯ ಗಟ್ಟಿಯಾಗಲಿ ಆದೀತು. ಇದೆಲ್ಲ ನಡೆಯುವವರೆಗೆ ಟಿಪ್ಪುವಿನ ಹಿರಿಯ ಮೂವರು ಗಂಡು ಮಕ್ಕಳಲ್ಲಿ ಇಬ್ಬರು ಇಂಗ್ಲಿಷರ ಬಳಿ ಒತ್ತೆ ಇರಬೇಕು.

ನಮ್ಮ ಮನೆಯ ಮಾತಿನಲ್ಲಿ ಹೇಳುವುದಾದರೆ ಅರ್ಧ ಮುಂಗಡ, ಉಳಿದದ್ದಕ್ಕೆ ಮೂರು ಕಂತು, ಒಂದು ವರ್ಷದ ಗಡುವು, ಅಡವಿಗೆ ಇಬ್ಬರು ಮಕ್ಕಳು.

1792ರ ಫೆಬ್ರವರಿ 26ರಂದು ಹುಡುಗರಿಬ್ಬರೂ ಆನೆ ಏರಿ ಕೋಟೆಯಿಂದ ಹೊರಟರು. ಅಬ್ದುಲ್ ಖಾಲಿಕನಿಗೆ ಸುಮಾರು ಹತ್ತು ವರ್ಷ, ಮುಯಿಜುದ್ದೀನನಿಗೆ ಸುಮಾರು ಎಂಟು. ಬಿಳಿ ಮಸ್ಲಿನ್ ಅಂಗಿ, ಕೆಂಪು ಪೇಟ, ಕೊರಳಲ್ಲಿ ಮುತ್ತು. ಕುಶಾಲು ತೋಪು ಹಾರಿತು. ಕಾರ್ನ್‌ವಾಲಿಸ್ ಡೇರೆಯ ಬಾಗಿಲಿಗೆ ಬಂದು ಅವರನ್ನು ಅಪ್ಪಿಕೊಂಡು ಒಳಗೆ ಕರೆದೊಯ್ದ, ತನ್ನ ಎರಡೂ ಪಕ್ಕದಲ್ಲಿ ಕೂರಿಸಿಕೊಂಡ. ಜತೆಗೆ ಬಂದಿದ್ದ ವಕೀಲ ಗುಲಾಮ್ ಅಲಿ, ಬೆಳಿಗ್ಗೆಯವರೆಗೆ ಇವರು ಸುಲ್ತಾನರ ಮಕ್ಕಳಾಗಿದ್ದರು, ಇನ್ನು ತಮ್ಮನ್ನೇ ತಂದೆಯೆಂದು ತಿಳಿಯಬೇಕು ಎಂಬ ಅರ್ಥದ ಮಾತಾಡಿದ. ಕಾರ್ನ್‌ವಾಲಿಸ್ ಹುಡುಗರಿಗೆ ಒಂದೊಂದು ಚಿನ್ನದ ಗಡಿಯಾರ ಕೊಟ್ಟ. ಇದನ್ನೆಲ್ಲ ಅಂದು ಆ ಸೈನ್ಯದಲ್ಲಿದ್ದ ಮೇಜರ್ ಡಿರೋಮ್ ಎಂಬ ಅಧಿಕಾರಿ ಬರೆದಿಟ್ಟು, 1793ರಲ್ಲಿ ಪುಸ್ತಕ ಮಾಡಿಸಿದ್ದಾನೆ.

ರಾಬರ್ಟ್ ಹೋಮ್ ಎಂಬ ಚಿತ್ರಕಾರನೂ ಆ ಸೈನ್ಯದ ಜೊತೆ ಬಂದಿದ್ದ. ಬೆಂಗಳೂರು, ಸಾವನದುರ್ಗ, ಶಿವಗಂಗೆ ಇವನ್ನೆಲ್ಲ ಬರೆದವನು ಅವನೇ. ಹುಡುಗರನ್ನು ಒಪ್ಪಿಸಿದ ಚಿತ್ರವನ್ನೂ ಬರೆದ. ಆ ಚಿತ್ರ ಈಗ ಲಂಡನ್ನಿನ ಸೈನ್ಯದ ಮ್ಯೂಸಿಯಮ್ಮಿನಲ್ಲಿದೆ. ಒಂದು ಅಂಚಿನಲ್ಲಿ, ಕಂಕುಳಲ್ಲಿ ಹಾಳೆಗಳ ಕಟ್ಟು ಹಿಡಿದು, ತನ್ನನ್ನೂ ಬರೆದುಕೊಂಡಿದ್ದಾನೆ. ಲಂಡನ್ನಿನಲ್ಲಿ ಕೂತವರೂ ಸುಮ್ಮನಿರಲಿಲ್ಲ. ಮ್ಯಾದರ್ ಬ್ರೌನ್, ಹೆನ್ರಿ ಸಿಂಗಲ್ಟನ್ ಇವರು ನಮ್ಮ ದೇಶಕ್ಕೆ ಕಾಲಿಟ್ಟವರೇ ಅಲ್ಲ. ಆದರೂ ಅದೇ ಪ್ರಸಂಗವನ್ನು ಬರೆದರು. ಅಚ್ಚು ಹಾಕಿಸಿ ಮಾರಿದ್ದೂ ಆಯಿತು. ಮದ್ರಾಸಿನಲ್ಲಿ ಕಾರ್ನ್‌ವಾಲಿಸನ ಕಲ್ಲಿನ ಪ್ರತಿಮೆ ನಿಂತಾಗ ಅದರ ಪೀಠದ ಮೇಲೂ ಇದೇ ಕೆತ್ತನೆ. ಚೆನ್ನೈನ ಸೇಂಟ್ ಜಾರ್ಜ್ ಕೋಟೆಯ ಮ್ಯೂಸಿಯಮ್ಮಿಗೆ ಹೋದವರು ಅದನ್ನು ನೋಡಿರಬಹುದು.

ಇಷ್ಟೊಂದು ಜನ ಬರೆದ ಚಿತ್ರ. ಎಲ್ಲದರಲ್ಲೂ ದೊರೆ ಕರುಣಾಳು, ಹುಡುಗರು ಮುದ್ದು, ಆನೆಗಳು ಗಂಭೀರ. ಕಾಣದೇ ಇರುವುದು ಒಂದೇ: ಸಾಲ. 3 ಕೋಟಿ 30 ಲಕ್ಷ ರೂಪಾಯಿಯ ಮಾತು ಆ ಚಿತ್ರದಲ್ಲಿ ಎಲ್ಲೂ ಇಲ್ಲ. ತಕ್ಕಡಿ ಇಲ್ಲ, ಚೀಲ ಇಲ್ಲ, ಲೆಕ್ಕದ ಪುಸ್ತಕ ಇಲ್ಲ. ಗೊತ್ತಿಲ್ಲದವರು ನೋಡಿದರೆ ಯಾರೋ ದೊಡ್ಡಪ್ಪ ಊರಿನಿಂದ ಬಂದ ತಮ್ಮನ ಮಕ್ಕಳನ್ನು ಎದುರುಗೊಳ್ಳುತ್ತಿದ್ದಾನೆ ಅನ್ನಬೇಕು.

ಆ ಹಣ ಎಲ್ಲಿಂದ ಬಂತು? ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದು ಈ ನಾಡಿನ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್ ಹೇಳುವ ಪ್ರಕಾರ, 1 ಕೋಟಿ 10 ಲಕ್ಷ ಖಜಾನೆಯಿಂದ ಎಂದಾಯಿತು. 60 ಲಕ್ಷ ಸೈನ್ಯದವರಿಂದ ನಜರಾಣೆ. ಉಳಿದ 1 ಕೋಟಿ 60 ಲಕ್ಷ ಅಧಿಕಾರಿಗಳು ಮತ್ತು ಪ್ರಜೆಗಳ ಮೇಲೆ. ವಿಲ್ಕ್ಸ್ ಟಿಪ್ಪುವಿನ ಪಕ್ಷದವನಲ್ಲ, ಅದನ್ನು ನೆನಪಿಟ್ಟುಕೊಂಡೇ ಓದಬೇಕು. ಆದರೂ ಆ ಲೆಕ್ಕವನ್ನು ಸ್ವಲ್ಪ ನೋಡಿ. ಸೋತದ್ದು ಅರಸು. ಅರ್ಧದ ಹತ್ತಿರ ಹತ್ತಿರ ಹೊರೆ ಬಿದ್ದದ್ದು ಯುದ್ಧ ಬೇಕೇ ಬೇಡವೇ ಎಂದು ಯಾರೂ ಕೇಳದಿದ್ದ ಮನೆಗಳ ಮೇಲೆ. ಅಂಥ ಮನೆಗಳಲ್ಲಿ ಹಣ ಎಲ್ಲಿಂದ ಹೊರಡುತ್ತದೆ ಎಂಬುದನ್ನು ನಿಮಗೆ ನಾನು ಹೇಳಬೇಕೇ? ಬಿತ್ತನೆಯ ಕಾಳಿನಿಂದ, ಹೆಂಡತಿಯ ಕೊರಳಿನಿಂದ. ಅದನ್ನು ಯಾರೂ ಚಿತ್ರ ಬರೆಯಲಿಲ್ಲ.

ಬಂದ ಹಣವನ್ನು ಕಂಪನಿ, ನಿಜಾಮ, ಮರಾಠರು ಸಮಪಾಲು ಮಾಡಿಕೊಂಡರು. ಕಂಪನಿಯ ಸೈನಿಕರಿಗೆ ಇನಾಮು ಹಂಚಿದರು. ಕಾರ್ನ್‌ವಾಲಿಸ್ ಲೂಟಿಯಲ್ಲಿ ತನಗೆ ಬರಬೇಕಾಗಿದ್ದ ಪಾಲನ್ನು ತಾನು ತೆಗೆದುಕೊಳ್ಳದೆ ಸೈನ್ಯಕ್ಕೇ ಬಿಟ್ಟನೆಂಬುದನ್ನೂ ಹೇಳಿಬಿಡಬೇಕು. ಹುಡುಗರನ್ನು ಚೆನ್ನಾಗಿ ನೋಡಿಕೊಂಡದ್ದೂ ನಿಜ. ಆದರೆ ಒಳ್ಳೆಯವರ ಕೈಯಲ್ಲಿದ್ದರೂ ಒತ್ತೆ ಒತ್ತೆಯೇ.

ಟಿಪ್ಪುವನ್ನು ಹೊಗಳುವುದಕ್ಕಾಗಲಿ ತೆಗಳುವುದಕ್ಕಾಗಲಿ ನಾನು ಹೊರಟಿಲ್ಲ. ಆ ಜಗಳಕ್ಕೆ ಬೇರೆ ಪುಟಗಳಿವೆ. ಅವನೂ ಚಿತ್ರ ಬರೆಸಿದವನೇ. ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗಿನ ಗೋಡೆಯ ಮೇಲೆ ಏನಿದೆ? 1780ರಲ್ಲಿ ಪೊಲ್ಲಿಲೂರಿನಲ್ಲಿ ಕರ್ನಲ್ ಬೇಲಿಯನ್ನು ಸೋಲಿಸಿದ ಯುದ್ಧ. ಗೆದ್ದದ್ದು ಗೋಡೆಯ ಮೇಲೆ ಬರುತ್ತದೆ. ತೆತ್ತದ್ದು ಬರುವುದಿಲ್ಲ. ಈ ಮಾತಿನಲ್ಲಿ ಲಂಡನ್ನಿಗೂ ಶ್ರೀರಂಗಪಟ್ಟಣಕ್ಕೂ ವ್ಯತ್ಯಾಸವಿಲ್ಲ.

ತಾಯಂದಿರ ಮಾತು ಏನಾಯಿತು ಎಂದು ನೀವು ಕೇಳುತ್ತೀರಿ. ಕೇಳಲೇಬೇಕು. ಮ್ಯಾದರ್ ಬ್ರೌನ್ ಬರೆದ ಒಂದು ಚಿತ್ರದ ಹೆಸರೇ, ಹುಡುಗರು ಅಂತಃಪುರದಿಂದ ಹೊರಡುವುದು ಎಂದು. ಅಂತಃಪುರವನ್ನೂ ಕಾಣದ, ಮೈಸೂರನ್ನೂ ಕಾಣದ ಮನುಷ್ಯ ಲಂಡನ್ನಿನಲ್ಲಿ ಕೂತು ಊಹಿಸಿ ಬರೆದದ್ದು. ನಿಜವಾಗಿ ನಡೆದದ್ದನ್ನು ಡಿರೋಮ್ ಎರಡು ಮಾತಿನಲ್ಲಿ ಹೇಳುತ್ತಾನೆ. ಫೆಬ್ರವರಿ 6ರ ರಾತ್ರಿ ಕೋಟೆಯ ಹೊರಗಿನ ಠಾಣ್ಯದ ಮೇಲೆ ದಾಳಿ ನಡೆಯಿತಲ್ಲ, ಆ ಗಾಬರಿಯಲ್ಲೇ ಕಿರಿಯವನಾದ ಮುಯಿಜುದ್ದೀನನ ತಾಯಿ ಕೆಲವು ದಿನಗಳಲ್ಲಿ ತೀರಿಕೊಂಡಳು. ಆಕೆಯ ಅಣ್ಣತಮ್ಮಂದಿರಲ್ಲಿ ಒಬ್ಬ ಅದೇ ಯುದ್ಧದಲ್ಲಿ ಮೊದಲೇ ಮಡಿದಿದ್ದ. ಹಾಗಾದರೆ ಆನೆಯ ಮೇಲೆ ಕೂತು ಬಂದ ಆ ಎಂಟು ವರ್ಷದ ಹುಡುಗ ತಾಯಿ ಸತ್ತು ಒಂದು ತಿಂಗಳೂ ಆಗಿರದ ಹುಡುಗ. ಚಿತ್ರದಲ್ಲಿ ಅವನು ಎಷ್ಟು ಲಕ್ಷಣವಾಗಿ ನಿಂತಿದ್ದಾನೆ! ನನಗೆ ಈ ವಿಷಯ ತಿಳಿದ ಮೇಲೆ ಆ ಕೆಂಪು ಪೇಟವನ್ನು ಮೊದಲಿನ ಕಣ್ಣಿನಿಂದ ನೋಡಲಾಗಲಿಲ್ಲ.

ಹುಡುಗರನ್ನು ಮದ್ರಾಸಿಗೆ ಕರೆದೊಯ್ದರು. ಒಂದು ವರ್ಷದ ಗಡುವು ಎಂದಿತ್ತಲ್ಲ, ಅವರು ಹಿಂತಿರುಗಿದ್ದು 1794ರ ಮಾರ್ಚಿ ಕೊನೆಗೆ. ಲೆಕ್ಕ ಹಾಕಿ, ಎರಡು ವರ್ಷ ದಾಟಿತು. ಕರೆತಂದವನು ಡೊವ್ಟನ್ ಎಂಬ ಕಂಪನಿಯ ಕ್ಯಾಪ್ಟನ್. ತಂದೆಗೆ ಒಪ್ಪಿಸಿದ್ದು ಎಲ್ಲಿ ಗೊತ್ತೇ? ದೇವನಹಳ್ಳಿಯಲ್ಲಿ! ಚಿಕ್ಕಜಾಲದ ಸೋದರಿ, ನಿಮ್ಮ ಮೈದುನ ನಾಳೆ ಟ್ಯಾಕ್ಸಿ ಓಡಿಸಬೇಕೆಂದಿರುವ ಸೀಮೆಯಲ್ಲೇ ಆ ಒತ್ತೆ ಬಿಡುಗಡೆಯಾದದ್ದು. ಹತ್ತು ವರ್ಷದವನು ಹನ್ನೆರಡಾಗಿದ್ದ, ಎಂಟರವನು ಹತ್ತಾಗಿದ್ದ. ಸಾಲದ ಲೆಕ್ಕದಲ್ಲಿ ಈ ಎರಡು ವರ್ಷಗಳನ್ನು ಯಾವ ಕಾಲಮ್ಮಿನಲ್ಲಿ ಬರೆಯುವುದು?

ಆಮೇಲಿನದೂ ಸುಖದ ಕಥೆಯಲ್ಲ. 1799ರ ಮೇ 4ರಂದು ಟಿಪ್ಪು ಮಡಿದ ಮೇಲೆ ಮಕ್ಕಳೆಲ್ಲರನ್ನೂ ವೇಲೂರಿನ ಕೋಟೆಗೆ ಸಾಗಿಸಿದರು. 1806ರಲ್ಲಿ ಅಲ್ಲಿ ಸಿಪಾಯಿಗಳ ದಂಗೆಯಾದ ಮೇಲೆ ಕಲ್ಕತ್ತೆಗೆ ಕಳಿಸಿದರು.

ಇನ್ನು ಕೊಡುವ ತೀರಿಸುವ ಮಾತನ್ನು ಮುಚ್ಚಿಡದ ಚಿತ್ರಗಳೂ ಇವೆ. ಅವು ನಮ್ಮವೇ, ಕಲ್ಲಿನವು. ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಬೇಗೂರಿನಿಂದ ತಂದ ಒಂದು ದೊಡ್ಡ ವೀರಗಲ್ಲಿದೆ. ಸಾವಿರದ ನೂರು ವರ್ಷ ಹಳೆಯದು. ಆನೆ, ಕುದುರೆ, ಕತ್ತಿ ಹಿಡಿದವರು, ನೆಲಕ್ಕೆ ಬಿದ್ದವರು, ಒಂದು ಯುದ್ಧವನ್ನು ಪೂರ್ತಿ ಕೆತ್ತಿದ್ದಾರೆ. ಗಂಗ ಅರಸ ಎರೆಯಪ್ಪನ ಕಡೆಯ ನಾಗತ್ತರ ಎಂಬ ನಾಯಕ ತುಂಬೆಪಾಡಿಯ ಕಾಳಗದಲ್ಲಿ ಬಿದ್ದ. ಕಲ್ಲು ಅಷ್ಟಕ್ಕೇ ನಿಲ್ಲುವುದಿಲ್ಲ. ಆ ಸಾವಿಗೆ ಅರಸ ಏನು ಕೊಟ್ಟ ಎಂಬುದನ್ನೂ ಅದೇ ಕಲ್ಲಿನ ಮೇಲೆ ಬರೆಸಿದೆ: ನಾಗತ್ತರನ ಪಟ್ಟವನ್ನು ಇರುಗ ಎಂಬವನಿಗೆ ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟ. ಬೆಂಪೂರು ಅಂದರೆ ಇವತ್ತಿನ ಬೇಗೂರು. ಕಲ್ನಾಡು ಅಂದರೆ ಸತ್ತ ವೀರನ ಲೆಕ್ಕಕ್ಕೆ ಕೊಡುವ ಭೂಮಿ. ಯಾವ ಯಾವ ಹಳ್ಳಿ ಎಂದು ಹೆಸರು ಹಿಡಿದು ಬರೆದಿದ್ದಾರೆ. ನಾಳೆ ಯಾರೂ "ನಾವು ಹಾಗೆ ಹೇಳಿರಲಿಲ್ಲ" ಅನ್ನುವ ಹಾಗಿಲ್ಲ.

ಅದೇ ಕಟ್ಟಡದಲ್ಲಿ ಆತಕೂರಿನ ಕಲ್ಲೂ ಇದೆ. ಮದ್ದೂರು ತಾಲ್ಲೂಕಿನ ಆತಕೂರು. ಅದರ ಮೇಲೆ ನಾಯಿಯೊಂದು ಕಾಡುಹಂದಿಯ ಜೊತೆ ಹೋರಾಡುತ್ತಿರುವ ಚಿತ್ರ. 949ರಲ್ಲಿ ತಕ್ಕೋಲದ ಯುದ್ಧ ಗೆದ್ದ ಮೇಲೆ ಗಂಗರ ಬೂತುಗ, ತನ್ನ ಬಂಟ ಮಣಲೇರನನ್ನು ಏನು ಬೇಕು ಕೇಳು ಎಂದನಂತೆ. ಮಣಲೇರ ಊರು ಕೇಳಲಿಲ್ಲ, ಚಿನ್ನ ಕೇಳಲಿಲ್ಲ. ಅರಸನ ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ನಾಯಿ ಕಾಡುಹಂದಿಯ ಮೇಲೆ ಬಿದ್ದು ಅದನ್ನೂ ಕೊಂದು ತಾನೂ ಸತ್ತಾಗ ಅದಕ್ಕೊಂದು ಕಲ್ಲು ನಿಲ್ಲಿಸಿದರು. ಆ ಕಲ್ಲಿನ ಪೂಜೆಗೆಂದು ಕೆರೆಯ ಕೆಳಗೆ ಎರಡು ಖಂಡುಗ ಗದ್ದೆ ಬಿಟ್ಟರು. ಪೂಜೆ ಮಾಡದೆ ಉಂಡರೆ ನಾಯಿಯ ಪಾಪ ಪೂಜಾರಿಗೆ ತಟ್ಟಲಿ ಎಂದು ಬರೆಸಿದರು. ಕೂಲಿ ಎಷ್ಟು, ಕೆಲಸ ಏನು, ಕೆಲಸ ಮಾಡದಿದ್ದರೆ ಏನು, ಎಲ್ಲವೂ ಚಿತ್ರದ ಜೊತೆಗೇ ಇದೆ. ನೋಡಿದಿರಾ, ಒಂದು ನಾಯಿಯ ವಿಷಯದಲ್ಲಿ ಇಷ್ಟು ಸ್ಪಷ್ಟ ಲೆಕ್ಕ! ಮಕ್ಕಳನ್ನು ರಜೆಯಲ್ಲಿ ಬೆಂಗಳೂರಿಗೆ ಕರೆದೊಯ್ದಾಗ ಈ ಎರಡು ಕಲ್ಲನ್ನೂ ತೋರಿಸಿ. ಹೊರಡುವ ಮೊದಲು ತೆರೆದಿದೆಯೇ ಎಂದು ವಿಚಾರಿಸಿಕೊಳ್ಳಿ.

ಈಗ ಕಾಗದದ ಕೊನೆಯ ಸಣ್ಣ ಅಕ್ಷರಕ್ಕೆ ಬರೋಣ.

ತಂಗೀ, "ಒಂದು ಸಹಿ ಅಷ್ಟೇ" ಎಂಬುದು ಹೋಮ್ ಬರೆದ ಚಿತ್ರದ ಹಾಗೆ. ಮೈದುನ ನಗುತ್ತಿದ್ದಾನೆ, ಹೊಸ ಗಾಡಿಗೆ ಹೂವಿನ ಹಾರ ಹಾಕಿದೆ, ಅತ್ತೆ ನಿಂಬೆಹಣ್ಣು ಇಡುತ್ತಿದ್ದಾರೆ. ಎಲ್ಲರೂ ಚಿತ್ರದಲ್ಲಿದ್ದಾರೆ. ಸಾಲ ಚಿತ್ರದಲ್ಲಿಲ್ಲ. ನೀವು ಕಲ್ಲಿನ ಚಿತ್ರ ಕೇಳಿ. ಏನು ಕೊಡುವುದು, ಯಾರು ತೆರುವುದು, ತಪ್ಪಿದರೆ ಏನು, ಎಲ್ಲವನ್ನೂ ಬರಹದಲ್ಲಿ ಕೇಳಿ.

ಜಾಮೀನು ಎಂದರೆ ಸಾಕ್ಷಿ ಹಾಕಿದ ಹಾಗೆ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಅಲ್ಲ. 1872ರ ಕರಾರು ಕಾಯಿದೆಯ 128ನೇ ಕಲಮಿನ ಪ್ರಕಾರ, ಬೇರೆ ಷರತ್ತು ಬರೆದುಕೊಳ್ಳದಿದ್ದರೆ, ಜಾಮೀನುದಾರರ ಹೊಣೆ ಸಾಲಗಾರನ ಹೊಣೆಯಷ್ಟೇ ಪೂರ್ತಿ. ಮೈದುನ ಕಂತು ತಪ್ಪಿಸಿದರೆ, ಮೊದಲು ಅವನನ್ನು ಹಿಡಿದು ಆಮೇಲೆ ನಿಮ್ಮ ಬಳಿ ಬರಬೇಕೆಂಬ ಕಟ್ಟಳೆ ಸಾಲ ಕೊಟ್ಟವರಿಗಿಲ್ಲ. ನೇರವಾಗಿ ನಿಮ್ಮ ಬಾಗಿಲಿಗೇ ಬರಬಹುದು. ಜಾಮೀನಿಗೂ ಜಮೀನಿಗೂ ಬರೆಯುವಾಗ ಒಂದು ದೀರ್ಘದಷ್ಟೇ ವ್ಯತ್ಯಾಸ, ಮರೆಯಬೇಡಿ.

ಹಾಗಾದರೆ ಸಹಿ ಬೇಡವೇ? ಸೈಟನ್ನು ಅಡವಿಗೆ ಕೊಡಬೇಡಿ ಎಂಬುದು ನನ್ನ ಅಭಿಪ್ರಾಯ. ನೇರವಾಗಿಯೇ ಹೇಳಿಬಿಡುತ್ತೇನೆ. ಅದು ನಿಮ್ಮ ಹೆಸರಿನದು, ನಿಮ್ಮ ಸಹಿಯಿಲ್ಲದೆ ಯಾರೂ ಅದನ್ನು ಅಡ ಇಡಲಾರರು. ಗಾಡಿಯ ಸಾಲಕ್ಕೆ ಗಾಡಿಯೇ ಅಡವಾಗಿರುತ್ತದೆ, ಆರ್.ಸಿ.ಯಲ್ಲೇ ಅದು ನಮೂದಾಗುತ್ತದೆ. ಅದರ ಮೇಲೆ ಸೈಟೂ ಏಕೆ ಬೇಕು ಎಂದು ಸಾಲ ಕೊಡುವವರನ್ನೇ ಕೇಳಿ. ಮುಂಗಡ ಇನ್ನಷ್ಟು ಜಾಸ್ತಿ ಕಟ್ಟಿದರೆ, ಗಾಡಿ ಸ್ವಲ್ಪ ಚಿಕ್ಕದಾದರೆ ಸೈಟು ಬೇಕಾಗುತ್ತದೆಯೇ ಎಂದೂ ಕೇಳಿ. ಹಾಸಿಗೆ ಇದ್ದಷ್ಟು ಕಾಲು ಚಾಚುವುದು ಗಾಡಿಗೂ ಸಲ್ಲುತ್ತದೆ.

ಮನೆಯ ಶಾಂತಿಗಾಗಿ ಏನಾದರೂ ಮಾಡಲೇಬೇಕು ಎಂದಾದರೆ ಇಷ್ಟನ್ನು ನೋಡಿಕೊಳ್ಳಿ. ಮೊದಲನೆಯದಾಗಿ, ನಿಮ್ಮ ಜಾಮೀನು ಇಷ್ಟು ರೂಪಾಯಿಯವರೆಗೆ ಮಾತ್ರ ಎಂದು ಕರಾರಿನಲ್ಲಿ ಬರೆಸಲಾಗುತ್ತದೆಯೇ ಕೇಳಿ. ಎರಡನೆಯದಾಗಿ, ಬ್ಯಾಂಕಿನವರಾಗಲಿ ಫೈನಾನ್ಸಿನವರಾಗಲಿ ಇಂಥ ಸಾಲಕ್ಕೆ ಬಡ್ಡಿ, ಚಾರ್ಜು ಎಲ್ಲ ಸೇರಿ ವರ್ಷಕ್ಕೆ ಎಷ್ಟು ಬೀಳುತ್ತದೆ ಎಂಬ ಮುಖ್ಯಾಂಶಗಳ ಪಟ್ಟಿಯನ್ನು ಸಾಲಗಾರನಿಗೆ ಕೊಡಬೇಕು. 2024ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ನಿಯಮ ಅದು. ಮೈದುನನಿಂದ ಅದರ ಒಂದು ಪ್ರತಿ ಈಸಿಕೊಳ್ಳಿ. ಮೂರನೆಯದಾಗಿ, ಸಹಿ ಹಾಕಿದ ಪ್ರತಿಯೊಂದು ಹಾಳೆಯ ನಕಲು ನಿಮ್ಮ ಟ್ರಂಕಿನಲ್ಲಿರಲಿ. ಖಾಲಿ ಹಾಳೆಗೆ, ಖಾಲಿ ಚೆಕ್ಕಿಗೆ ಸಹಿ ಬೇಡವೇ ಬೇಡ. ನಾಲ್ಕನೆಯದಾಗಿ, ಕಂತು ಕಟ್ಟಿದ ಮೆಸೇಜನ್ನು ಪ್ರತಿ ತಿಂಗಳೂ ನಿಮಗೆ ತೋರಿಸಬೇಕೆಂದು ಮೈದುನನಿಗೆ ಮೊದಲೇ ಹೇಳಿ. ಇದರಲ್ಲಿ ನಾಚಿಕೆಯೇನೂ ಇಲ್ಲ. ಒಂದು ವೇಳೆ ನೀವೇ ಕಟ್ಟಬೇಕಾಗಿ ಬಂದರೆ, ಕಟ್ಟಿದ್ದನ್ನು ಸಾಲಗಾರನಿಂದ ವಸೂಲು ಮಾಡುವ ಹಕ್ಕು ಕಾನೂನಿನಲ್ಲಿ ನಿಮಗಿದೆ. ಆದರೆ ಮೈದುನನ ಮೇಲೆ ದಾವೆ ಹೂಡಿದ ಮನೆಯಲ್ಲಿ ಒಟ್ಟಿಗೆ ಕೂತು ಯುಗಾದಿ ಊಟ ಮಾಡುವುದು ಹೇಗೆ, ಅದನ್ನು ಕಾನೂನು ಹೇಳುವುದಿಲ್ಲ.

ಇನ್ನೊಂದು ಮಾತು. ದೇವನಹಳ್ಳಿಯಲ್ಲಿ ಒತ್ತೆ ಬಿಡುಗಡೆಯಾಗಲು ಎರಡು ವರ್ಷ ಹಿಡಿಯಿತಲ್ಲ, ನಿಮ್ಮ ಪತ್ರಗಳಿಗೆ ಹಾಗಾಗಬೇಕಾಗಿಲ್ಲ. ಸಾಲ ಪೂರ್ತಿ ತೀರಿದ 30 ದಿನದೊಳಗೆ ಅಡವಿಟ್ಟ ಸ್ಥಿರಾಸ್ತಿಯ ಮೂಲಪತ್ರಗಳನ್ನು ಹಿಂತಿರುಗಿಸಬೇಕು. ಅವರ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿಯಂತೆ ಪರಿಹಾರ ಕೊಡಬೇಕು. 2023ರ ಡಿಸೆಂಬರ್ 1ರಿಂದ ಇದೂ ರಿಸರ್ವ್ ಬ್ಯಾಂಕಿನ ನಿಯಮ. ಯಾರ ಸೈಟು, ಹೊಲ, ಮನೆಯ ಪತ್ರಗಳು ಸಾಲ ತೀರಿದ ಮೇಲೂ ಅಲ್ಲೇ ಉಳಿದಿವೆಯೋ ಅವರು ನಾಳೆಯೇ ವಿಚಾರಿಸಿ. ಸಬ್ ರಿಜಿಸ್ಟ್ರಾರ್ ಕಛೇರಿಯ ಋಣಭಾರ ಪತ್ರದಲ್ಲಿ ಹಳೆಯ ಸಾಲ ತೀರಿದ್ದು ದಾಖಲಾಗಿದೆಯೇ ನೋಡಿಸಿ. ಸಾಲ ತೀರಿಸುವುದು ಒಂದು ಕೆಲಸವಾದರೆ ಒತ್ತೆ ಬಿಡಿಸಿಕೊಳ್ಳುವುದು ಇನ್ನೊಂದು ಕೆಲಸ.

ಮೈದುನನಿಗೆ ಹೇಗೆ ಹೇಳಲಿ ಎನ್ನುತ್ತೀರಿ. ಜಗಳದ ಮಾತಿನಲ್ಲಿ ಬೇಡ. ಗಂಡನೂ ಅತ್ತೆಯೂ ಇರುವಾಗ, ಕಾಫಿ ಕೊಟ್ಟು, ಎಲ್ಲರೆದುರಿಗೆ ಹೇಳಿ: "ನೀನು ಚೆನ್ನಾಗಿ ದುಡೀತೀಯಪ್ಪಾ, ನನಗೆ ಗೊತ್ತು. ನನ್ನ ಕೈಲಾದ ಹಣ ಕೊಡ್ತೀನಿ, ಅದು ಹೋದ್ರೂ ಕೇಳಲ್ಲ. ಆದರೆ ಸೈಟು ನನ್ನ ಮಕ್ಕಳ ಪಾಲಿನದು, ಅದನ್ನ ಒತ್ತೆ ಇಡೋ ಹಕ್ಕು ನನಗೂ ಇಲ್ಲ ಅಂತ ಅಂದ್ಕೊಂಡಿದೀನಿ." ಕೊಡುವ ಹಣ ಎಷ್ಟು ಎಂಬುದನ್ನು ಮೊದಲೇ ಗಂಡನ ಜೊತೆ ಕೂತು ಗೊತ್ತು ಮಾಡಿಕೊಳ್ಳಿ. ಪೇಪರನ್ನು ಕೆಳಗಿಡಿಸಿ. "ನಿನ್ನಿಷ್ಟ" ಎಂಬುದು ಉತ್ತರವಲ್ಲ ಎಂದು ಅವರಿಗೆ ನನ್ನ ಹೆಸರು ಹೇಳಿಯೇ ತಿಳಿಸಿ. ಅತ್ತೆಯವರ ಮೌನ ಹತ್ತು ದಿನ ಇದ್ದೀತು. ಸೈಟು ಹೋದರೆ ಬರುವ ಮೌನ ಅದಕ್ಕಿಂತ ಉದ್ದ.

ಇನ್ನು ಮಗನ ಪ್ರಶ್ನೆ. ಹುಡುಗರು ಏನು ತಪ್ಪು ಮಾಡಿದ್ದರು? ಏನೂ ಮಾಡಿರಲಿಲ್ಲ ಎಂದು ಹೇಳಿ. ಸಾಲ ಅವರದಾಗಿರಲಿಲ್ಲ. ದೊಡ್ಡವರು ಸೋತರು, ದೊಡ್ಡವರು ಲೆಕ್ಕ ಹಾಕಿದರು, ತೀರುವವರೆಗೆ ಚಿಕ್ಕವರನ್ನು ಕಳಿಸಿದರು. ಪ್ರಾಜೆಕ್ಟಿನ ಹಾಳೆಯಲ್ಲಿ ಚಿತ್ರದ ಕೆಳಗೆ ಆ 3 ಕೋಟಿ 30 ಲಕ್ಷವನ್ನೂ, ಹುಡುಗರು ಹೊರಟ ತಾರೀಕನ್ನೂ, ದೇವನಹಳ್ಳಿಗೆ ಹಿಂತಿರುಗಿದ ತಿಂಗಳನ್ನೂ ಬರೆಯಲಿ. ಚಿತ್ರಕಾರ ಬರೆಯದೆ ಬಿಟ್ಟ ಲೆಕ್ಕವನ್ನು ಚಿಕ್ಕಜಾಲದ ಹುಡುಗನೊಬ್ಬ ಬರೆದು ಮುಗಿಸಿದರೆ ಮೇಷ್ಟ್ರು ಖಂಡಿತ ಮೆಚ್ಚುತ್ತಾರೆ.

ಉಳಿದ ಸೋದರಿಯರೂ ಒಮ್ಮೆ ಯೋಚಿಸಿ. ನಿಮ್ಮ ಬಳೆ, ನಿಮ್ಮ ಸರ, ನಿಮ್ಮ ಸಹಿ ಯಾರ ಸಾಲಕ್ಕೆ ಒತ್ತೆ ಹೋಗಿದೆ, ಗಡುವು ಯಾವತ್ತು, ಬಿಡಿಸಿ ತರುವವರು ಯಾರು? ಇವತ್ತು ಸಂಜೆ ದೀಪ ಹಚ್ಚಿದ ಮೇಲೆ ಒಂದು ಹಾಳೆಯಲ್ಲಿ ಬರೆದಿಡಿ. ಬರೆಯಲು ಕೂತರೆ ಹಾಳೆ ತುಂಬಿತೇ, ಅಥವಾ ಗೊತ್ತಿಲ್ಲದ್ದೇ ಹೆಚ್ಚಾಯಿತೇ ಎಂದು ನನಗೆ ತಿಳಿಸಿ. ಹೆಸರು ಬೇಡವೆಂದರೆ ಹಾಕುವುದಿಲ್ಲ.

ಮುಂದಿನ ಸಂಚಿಕೆಯಲ್ಲಿ ಇನ್ನೊಂದು ಚಿತ್ರದೊಂದಿಗೆ ಬರುತ್ತೇನೆ.

ನಿಮ್ಮ ಅಕ್ಕ